ಅಣ್ಣನ ಮ್ಯಾಳ, ತಮ್ಮನ ಮ್ಯಾಳ

(ಇಂಡಿಯಿಂದ ಮುದ್ದೇಬಿಹಾಳಕ್ಕೆ ಮದುವೆಗೆ ಹೊರಟ ಕಾರು. ಸಿಂದಗಿ, ದೇವರಹಿಪ್ಪರಗಿ, ಹೂವಿನಹಿಪ್ಪರಗಿ, ಬಸವನಬಾಗೇವಾಡಿ ಮೇಲೆ ಹಾಯ್ದು ಹೋಗುವ ದಾರಿ. ಗಾಡಿ ಹೊಡೆಯುತ್ತಿರುವವಳು ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗಳು. ಬಾಜೂಕ ಕೂತವನು ಅವಳ ಅಪ್ಪನ ತಮ್ಮ, ಹರದೇಶಿ ಮೇಳದಲ್ಲಿ ವಯಸ್ಸಿಡೀ ಹಿಮ್ಮೇಳ ಹಿಡಿದವನು.)

ಮಗಳು: ಕಾಕಾ, ಕರಾರು ಮೊದಲ ಹೇಳಿಬಿಡ್ತೀನಿ. ಒಂದು ಆಲ್ಬಮ್ ಹಚ್ಚಿದ್ರ ಮೊದಲಿಂದ ಕಡೀತನಕ. ನಡುವ ಹಾಡು ದಾಟಸಂಗಿಲ್ಲ, ಫೋನ್ ಎತ್ತಂಗಿಲ್ಲ. ಮುಗಿದ ಮ್ಯಾಲ ಮಾತು. ಬೆಂಗಳೂರಾಗ ನಾವು ಗೆಳತ್ಯಾರು ಹಿಂಗ ಕುಂದರ್ತೀವಿ. ಒಂದು ಬ್ಯಾಂಡ್ ಹಿಡಿದ್ರ ಅದರ ಎಲ್ಲಾ ಆಲ್ಬಮ್ಮು, ವರ್ಷದ ಸಾಲಿಗೆ.

ಕಾಕಾ: ನಡುವ ಚಾ?

ಮಗಳು: ಚಾಕ್ಕ ಮಾಫಿ ಐತಿ.

ಕಾಕಾ: ಹಂಗಾದ್ರ ಹಚ್ಚು. ಯಾರದು?

ಮಗಳು: ಇಬ್ಬರದು. ಮೈಸೂರಿನ ಅಣ್ಣ-ತಮ್ಮ. ಅಣ್ಣ ರಘು ದೀಕ್ಷಿತ್, ಅವರ ಬ್ಯಾಂಡಿನ ಹೆಸರು ರಘು ದೀಕ್ಷಿತ್ ಪ್ರಾಜೆಕ್ಟ್. ತಮ್ಮ ವಾಸು ದೀಕ್ಷಿತ್, ಅವರದು ಸ್ವರಾತ್ಮ.

ಕಾಕಾ: ಒಂದ ಮನಿಯಾಗ ಎರಡು ಮ್ಯಾಳ. ಹರದೇಶಿ-ನಾಗೇಶಿ ಎದುರಾಬದುರ ಸವಾಲು-ಜವಾಬಿಗೆ ಹಚ್ಚಿದಂಗಾತಲ್ಲವಾ.

ಮಗಳು: ಅದಕ್ಕ ನಿನಗ ಇವನ್ನ ಆರಿಸೀನಿ. ಅಣ್ಣನ ಮೊದಲನೇದು 2008, ತಮ್ಮನ ಮೊದಲನೇದು 2009. ತಮ್ಮನ ಎರಡನೇದು 2012, ಅಣ್ಣನ ಎರಡನೇದು 2013. ಒಂದರ ಬೆನ್ನಿಗೆ ಒಂದು. ಸವಾಲು-ಜವಾಬು ಅಂತ ಕೇಳಬಹುದು.

ಕಾಕಾ: ಅವ್ರು ಹಂಗ ಅಂದ್ಕೊಂಡು ಮಾಡಿರಾಕಿಲ್ಲ.

ಮಗಳು: ಖರೇ. ಆದ್ರ ಕೇಳಾವ್ರು ನಾವಲ್ಲ?

(ಸಿಂದಗಿ ಬರುವ ಹೊತ್ತಿಗೆ 2008ರದು ಮುಗಿದಿತ್ತು.)

ಕಾಕಾ: ದನಿ ಛಲೋ ಐತಿ. ಬಯಲಾಗ ನಿಂತು ಹಾಡೋ ದನಿ. ಮೈಕ್ ಕೆಟ್ಟರೂ ಕಡೀ ಸಾಲಿಗೆ ಮುಟ್ಟತೈತಿ ಇಂಥಾದು. ಈ ದನಿ ನಾ ಎಲ್ಲೋ ಕೇಳೀನಲ್ಲ?

ಮಗಳು: ‘ಸೈಕೋ’ ಸಿನಿಮಾದ ಮಾದೇಶ್ವರನ ಹಾಡು. ಅದೂ 2008ರದ. ಸಿನಿಮಾ ಯಾರಿಗೆ ನೆನಪೈತೋ ಇಲ್ಲೋ, ಹಾಡು ಮಾತ್ರ ಎಲ್ಲಾ ಜಾತ್ರ್ಯಾಗೂ ಬಡೀತಿತ್ತು.

ಕಾಕಾ: ಹೌದೌದು. ಗಣಪತಿ ಹಬ್ಬದಾಗ ನಮ್ಮ ಓಣ್ಯಾಗ ಅದ ಒಂದ ಹಚ್ಚಿ ತಲಿ ಕೆಡಿಸಿದ್ರು.

ಮಗಳು: ಇವರು ಮೈಸೂರಾಗ ಮೈಕ್ರೋಬಯಾಲಜಿ ಎಂ.ಎಸ್ಸಿ. ಮಾಡಿ ಚಿನ್ನದ ಪದಕ ತಗೊಂಡವರು. ಭರತನಾಟ್ಯ ಕಲ್ತವರು. ಗಿಟಾರ್ ಹಿಡಿದದ್ದು ಕಾಲೇಜಿನಾಗ, ಪಣಕ್ಕ ಬಿದ್ದು ಅಂತಾರ. ಈಗೂ ಸ್ಟೇಜ್ ಮ್ಯಾಲ ಬಣ್ಣಬಣ್ಣದ ಲುಂಗಿ ಉಟ್ಟು ಕಾಲಿಗೆ ಗೆಜ್ಜಿ ಕಟ್ಟಿ ನಿಂದರ್ತಾರ.

ಕಾಕಾ: ಗೊತ್ತಾತು ಬಿಡು. ಗೆಜ್ಜಿ ಕಟ್ಟಿದವಗ ತಾಳ ಕಾಲಾಗ ಇರ್ತೈತಿ, ಕೈ ಏನ ಬೇಕಾದ್ದು ಮಾಡ್ಕೋಬಹುದು. ಅದಕ್ಕ ಅಂವ ಗಿಟಾರ್ ಅಷ್ಟ ಹಗುರ ಬಾರಸ್ತಾನ. ಆದ್ರ ಒಂದು ಮಾತು. ಕನ್ನಡ, ಹಿಂದಿ, ಇಂಗ್ಲೀಷು, ಮೂರೂ ಒಂದ ಚೀಲದಾಗ ಹಾಕ್ಯಾನ. ಒಂದು ಪದಕ್ಕೂ ಇನ್ನೊಂದಕ್ಕೂ ಸಂಬಂಧ ಹತ್ತಲಿಲ್ಲ ನನಗ.

ಮಗಳು: ಅದು ಹತ್ತು-ಹನ್ನೆರಡು ವರ್ಷದ ಹಾಡು ಕೂಡಿಬಿದ್ದ ಆಲ್ಬಮ್, ಕಾಕಾ. ಮೊದಲು ಅಂತರಾಗ್ನಿ ಅಂತ ಒಂದು ಬ್ಯಾಂಡ್ ಕಟ್ಟಿದ್ರು, ಅದು ಒಡೀತು. 2005ರ ಸುಮಾರಿಗೆ ಈ ಪ್ರಾಜೆಕ್ಟ್ ಸುರು ಆತು. ಕಡೀಕ ಮುಂಬಯಿಯ ಸಿನಿಮಾ ಸಂಗೀತದ ಜೋಡಿ ವಿಶಾಲ್-ಶೇಖರ್ ತಮ್ಮ ಲೇಬಲ್‌ನಾಗ ಹೊರಗ ತಂದ್ರು. ಎಷ್ಟೋ ವರ್ಷದ ಬುತ್ತಿ ಒಮ್ಮೆಲೆ ಬಿಚ್ಚಿದ್ದು ಅದು.

ಕಾಕಾ: ಶರೀಫಜ್ಜನ ಪದಾ ಎರಡು ಅದಾವ ನೋಡು, ಅಲ್ಲಿ ಮಾತ್ರ ನಾ ಎದ್ದು ಕುಂತೆ. ‘ಗುಡುಗುಡಿಯ ಸೇದಿ ನೋಡೊ’, ಆಮ್ಯಾಲ ‘ಸೋರುತಿಹುದು ಮನೆಯ ಮಾಳಿಗಿ’. ನಮ್ಮ ಕಾಲದಾಗ ಶರೀಫ ಅಂದ್ರ ಎರಡ ದಾರಿ. ಒಂದು ಅಮಾಸಿ ದಿನ ಮಠದಾಗ ಭಜನಿ. ಇನ್ನೊಂದು ಸಿ. ಅಶ್ವಥ್. 1990ರಾಗ ನಾಗಾಭರಣ ಅವರ ಸಿನಿಮಾ ಬಂದ ಮ್ಯಾಲಂತೂ ಟೀಪಿನಾಗ ಅದ ದನಿ. ಭಜನಿ ಹುಡುಗೂರೂ ಅಶ್ವಥ್ ಧಾಟೀನ ಹಿಡಿದ್ರು, ಊರ ಧಾಟಿ ಬಿಟ್ರು. ಇಂವ ಗುಡುಗುಡೀಗೆ ತನ್ನದ ಧಾಟಿ ಹಾಕ್ಯಾನ. ಧೈರ್ಯ ಬೇಕು ಅದಕ್ಕ.

ಮಗಳು: ಅದರ ಅರ್ಥ ಗೊತ್ತಿಲ್ಲದ ಪಬ್ಬಿನಾಗ ಕುಣೀತಾರ ಅಂತ ಬೈಯಾವ್ರೂ ಅದಾರ. ಹುಕ್ಕಾ ಸೇದೋ ಹಾಡು ಅಂತ ತಿಳಕೊಂಡವರೂ ಅದಾರ.

ಕಾಕಾ: ತಿಳಕೊಳ್ಳಲಿ ಬಿಡು, ಅಜ್ಜ ಅದಕ್ಕ ಗಾಳ ಹಾಕಿದ್ದು. ದೇಹದ ಮ್ಯಾಲಿನ ಪದಾ ಅಂತ ಮೊದಲ ಹೇಳಿಬಿಟ್ರ ಯಾಂವ ಕುಂದರ್ತಾನ? ನನ್ನ ತಕರಾರು ಬ್ಯಾರೆ ಐತಿ. ಭಜನ್ಯಾಗ ಹೆಂಗ ಗೊತ್ತೇನು, ಎರಡು ನುಡಿ ಹಾಡಿದ ಕೂಡ್ಲೆ ಮೂಲ್ಯಾಗಿನ ಒಬ್ಬ ಮುದುಕ ಕೈ ಎತ್ತತಾನ. ತಾಳ ನಿಂದರ್ತೈತಿ. ‘ತಮ್ಮಾ, ಈ ಮಾಳಗಿ ಯಾವುದು? ಸೋರೂದು ಎಲ್ಲಿ?’ ಹಾಡಿದವ ಹೇಳಬೇಕು. ಹೇಳಾಕ ಬರಲಿಲ್ಲಂದ್ರ ಪೇಟಿ ಮುಂದಿನವ್ರಿಗೆ ಬಿಟ್ಟುಕೊಡಬೇಕು. ಒಮ್ಮೊಮ್ಮೆ ಒಂದು ನುಡಿಗೆ ನಡುರಾತ್ರಿ ಆಗತೈತಿ. ಈ ಪ್ಲೇಟಿನಾಗ ಕೈ ಎತ್ತಾಕ ಜಾಗಾನ ಇಲ್ಲ. ಹಾಡು ಮುಗೀತು, ಇನ್ನೊಂದು ಸುರು.

ಮಗಳು: ನಾವು ಈಗ ಗಾಡ್ಯಾಗ ಮಾಡಾಕ ಹತ್ತಿದ್ದು ಏನು ಮತ್ತ?

ಕಾಕಾ: ಇದು ಖರೇ ಬಿಡು. ಆದ್ರ ಹಾಡಿದವ ಇಲ್ಲಿಲ್ಲಲ್ಲ ಜವಾಬು ಕೊಡಾಕ. ಇನ್ನ ಮಾಳಗಿ ಸುದ್ದಿ ಕೇಳು. ನೀ ಬೆಂಗಳೂರಾಗ ಆರ್‌ಸಿಸಿ ಕೆಳಗ ಮಲಗಾಕಿ. ನಮ್ಮ ಹಳೇ ಮನಿ ಮಣ್ಣಿನ ಮಾಳಗಿ. ತೊಲಿ, ಜಂತಿ, ಅದರ ಮ್ಯಾಲ ಕಟಗಿ ಹೊಂದಿಸಿ ಮಣ್ಣು. ಮಳಿಗಾಲಕ್ಕ ಮೊದಲ ಮಣ್ಣು ಏರಸಬೇಕು, ಇಲ್ಲಾಂದ್ರ ಗ್ವಾಡಿ ಅಂಚಿನಾಗ ಮೊದಲ ಸುರು ಆಗತೈತಿ. ಅಲ್ಲಿ ಕೊಡಪಾನ ಇಟ್ಟು ಬರೂದ್ರೊಳಗ ಜ್ವಾಳದ ಚೀಲದ ಮ್ಯಾಲ ಬೀಳಾಕ ಹತ್ತತೈತಿ. ಅದನ್ನ ಎಳದು ಈ ಕಡೆ ಇಟ್ರ ಹಾಸಿಗಿ ಮ್ಯಾಲ. ರಾತ್ರಿಪೂರಾ ಮನೀ ಮಂದಿಯೆಲ್ಲಾ ಎದ್ದು ಓಡ್ಯಾಡಬೇಕು. ಹಿಮ್ಮ್ಯಾಳ ಆ ಪಲ್ಲಾನ ತಿರುಗಿ ತಿರುಗಿ ಹಾಡೂದು ಚೆಂದಕ್ಕಲ್ಲವಾ. ಸೋರೂದು ಒಬ್ಬನ ಮನಿ ಅಲ್ಲ, ಒಬ್ಬ ಓಡಿದ್ರ ಸಾಲೂದಿಲ್ಲ. ಇಲ್ಲಿ ಒಬ್ಬನ ಹಾಡ್ಯಾನ. ಉಳಿದವ್ರು ಬಾರಸ್ಯಾರ.

ಮಗಳು: ಅದಕ್ಕ ಕಾರಣ ಐತಿ. ಹೆಸರ ಪ್ರಾಜೆಕ್ಟ್. ಬಂದ ಕಲಾವಿದರಿಗೆಲ್ಲಾ ಬಾಗಿಲಾ ತೆರೆದ ಮನಿ ಅಂತ ಅವರ ಹೇಳ್ಕೋತಾರ. ಮಂದಿ ಬರ್ತಾರ, ಹೋಗ್ತಾರ. ನಡುವ ಅವರೊಬ್ಬರ ಕಾಯಂ. ಬಾಸ್ ಗಿಟಾರ್ ಹಿಡಿದ ಗೌರವ್ ವಾಜ್ ಭಾಳ ವರ್ಷ ಜೋಡಿ ಇದ್ರು.

ಕಾಕಾ: ಕೆಳಗ ಗುಂ ಅಂತೈತಲ್ಲ, ಅದೇನು ಬಾಸು? ಅದು ಪಾಡ ಐತಿ. ನಮ್ಮ ತುಂತುಣಿಯವ ಮಾಡೋ ಕೆಲಸ ಅದು. ಇದ್ದಾಗ ಯಾರಿಗೂ ಕೇಳೂದಿಲ್ಲ, ನಿಂತ್ರ ಹಾಡಾವ ಬೀಳತಾನ.

(ಸಿಂದಗಿಯಲ್ಲಿ ಚಾ. ದೇವರಹಿಪ್ಪರಗಿ ದಾಟುವಾಗ ಸ್ವರಾತ್ಮದ ಮೊದಲನೆಯದು ನಡುವಿನಲ್ಲಿತ್ತು. ಹೂವಿನಹಿಪ್ಪರಗಿಯ ಹತ್ತಿರ ಮುಗಿಯಿತು.)

ಕಾಕಾ: ಇವರ ಮ್ಯಾಳ ಬ್ಯಾರೆ ಐತಿ. ಹೆಸರು ಹೇಳು.

ಮಗಳು: ವಾಸು ಹಾಡ್ತಾರ. ಬಾಸ್ ಜಿಷ್ಣು ದಾಸ್‌ಗುಪ್ತಾ, ಡ್ರಮ್ಸ್ ಆಗ ಮಾಂಟ್ರಿ ಮ್ಯಾನ್ಯುಯೆಲ್, ಬಾಕಿ ತಾಳವಾದ್ಯ ಪವನ್ ಕುಮಾರ್, ಗಿಟಾರ್ ವರುಣ್ ಮುರಳಿ, ಪಿಟೀಲು ಸಂಜೀವ್ ನಾಯಕ್. ಒಬ್ಬರದು ಮೈಸೂರು, ಒಬ್ಬರು ಬಂಗಾಳಿ, ಹಿಂಗ ಕೂಡಿದ ಮಂದಿ. 2006ರಾಗ ರೇಡಿಯೋ ಸಿಟಿಯ ಸ್ಪರ್ಧಾ ಗೆದ್ದು ಹೆಸರಾದ್ರು.

ಕಾಕಾ: ಆರು ಮಂದಿ. ಗೀಗೀ ಮ್ಯಾಳಕ್ಕಿಂತ ದೊಡ್ಡದಾತು. ನಮಗ ಡಪ್ಪು, ತುಂತುಣಿ, ತಾಳ ಇದ್ರ ಸಾಕು.

ಮಗಳು: ವಾಸು ಸ್ಟೇಜ್ ಮ್ಯಾಲ ಕೀಲುಕುದುರಿ ಕಟ್ಕೊಂಡು ಬರ್ತಾರ ನೋಡು, ಕೈಯಾಗ ಗಿಟಾರ್, ಸೊಂಟಕ್ಕ ಕುದುರಿ.

ಕಾಕಾ: ಅಣ್ಣಗ ಗೆಜ್ಜಿ, ತಮ್ಮಗ ಕುದುರಿ. ವೇಷದಾಗ ತಮ್ಮ ಗೆದ್ದ.

ಮಗಳು: ಹಾಡಿನಾಗ?

ಕಾಕಾ: ಇವರದ ‘ಯೇಶು ಅಲ್ಲಾ ಔರ್ ಕೃಷ್ಣಾ’ ಅಂತ ಒಂದೈತಲ್ಲ. ಮೂರೂ ದೇವರು ಕೂಡಿ ಕುಂತು ಮಾತಾಡೋ ಹಾಡು. ಭಾವ ಛಲೋ. ಆದ್ರ ನಮ್ಮ ಕಡೆ ಮೊಹರಮ್ ಬಂದ್ರ ಯಾರ ಯಾರಿಗೆ ಹೇಳ್ಯಾರ ಕೂಡಿರ್ರಿ ಅಂತ? ಅಲೈ ದೇವರು ಕುಂದ್ರಸಾವ್ರು ಯಾರು, ಹೊರಾವ್ರು ಯಾರು, ರಿವಾಯತ ಪದಾ ಹಾಡಾವ್ರು ಯಾರು? ಕರ್ಬಲಾದ ಕತೀನ ಲಿಂಗಾಯತರು, ಕುರುಬರು ಹಾಡತಾರ. ಎರಡು ಗುಂಪು ಎದುರಾಬದುರ ನಿಂತು ಹೆಜ್ಜಿ ಹಾಕ್ಕೋತ, ಒಂದು ನುಡಿ ಇವ್ರು, ಒಂದು ನುಡಿ ಅವ್ರು. ಕಣ್ಣಾಗ ನೀರು ಬರ್ತಾವ. ಅಲ್ಲಿ ಐಕ್ಯ ಅನ್ನೋ ಮಾತ ಬರೂದಿಲ್ಲ. ಈ ಹಾಡು ಆ ಮಾತನ್ನ ಹೇಳಾಕ ಹೊಂಟೈತಿ, ಅದಕ್ಕ ಸ್ವಲ್ಪ ಸಾಲಿ ಮಾಸ್ತರ ಗತ್ತು ಬಂದೈತಿ.

ಮಗಳು: ಅವರ ಕೇಳುಗರು ಶಹರದ ಹುಡುಗೂರು ಕಾಕಾ. ರಿವಾಯತ ಕೇಳದವರು. ಅವರಿಗೆ ಹೇಳಬೇಕಾಗತೈತಿ.

ಕಾಕಾ: ಹೇಳ್ಲಿ. ಬಡತ ಛಲೋ ಐತಿ ಅಂತ ನಾ ಒಪ್ಪತೀನಿ. ಆ ಪವನ್ ಅನ್ನಾವನ ಕೈ ಡ್ರಮ್ಮಿನವನ ಕೂಡ ಜಗಳಾಡೂದಿಲ್ಲ. ಎರಡು ತಾಳವಾದ್ಯ ಒಂದ ಮ್ಯಾಳದಾಗ ಇದ್ರ ಮೊದಲ ಮುರಿಯೂದ ಅಲ್ಲಿ. ಒಬ್ಬ ಜಾಗಾ ಬಿಡಬೇಕು. ಇವ್ರು ಬಿಡ್ತಾರ.

ಮಗಳು: ಅದನ್ನ ಕೇಳಿ ಒಬ್ಬ ದೊಡ್ಡ ಮನಷ್ಯಾನೂ ತಲಿದೂಗಿದ. ಜಾನ್ ಲೆಕಿ ಅಂತ ಇಂಗ್ಲೆಂಡಿನ ಪ್ರೊಡ್ಯೂಸರ್. ರೇಡಿಯೋಹೆಡ್ ಅನ್ನೋ ಬ್ಯಾಂಡಿನ ‘ದಿ ಬೆಂಡ್ಸ್’ ಮಾಡಿದಾವ. ಬ್ರಿಟಿಷ್ ಕೌನ್ಸಿಲ್‌ನವರು 2009ರ ಸುಮಾರಿಗೆ ಅವನ್ನ ಕರಸಿ ಈ ದೇಶದ ನಾಕು ಬ್ಯಾಂಡ್ ಆರಿಸಿದ್ರು. ಸ್ವರಾತ್ಮ, ಅದ್ವೈತ, ಮೆಡೂಸಾ, ಇಂಡಿಗೋ ಚಿಲ್ಡ್ರನ್. ಅವರ ಹಾಡು ರೆಕಾರ್ಡ್ ಮಾಡಿಸಿ, ಆ ದೇಶದಾಗ ಕಾರ್ಯಕ್ರಮ ಕೊಡಸಿದ್ರು.

ಕಾಕಾ: ಪ್ರೊಡ್ಯೂಸರ್ ಅಂದ್ರ ರೊಕ್ಕ ಹಾಕಾವನಾ?

ಮಗಳು: ಸಿನಿಮಾದಾಗ ಹಂಗ. ಆಲ್ಬಮ್ಮಿನಾಗ ಅಂವ ಹಾಡಿನ ಕಿವಿ ಇದ್ದಂಗ. ಯಾವ ವಾದ್ಯ ಎಲ್ಲಿ ಬರಬೇಕು, ಯಾವುದು ಸುಮ್ಮನಿರಬೇಕು, ಯಾವ ಟೇಕ್ ಇಟ್ಕೋಬೇಕು, ಯಾವ ಹಾಡಿನ ಬೆನ್ನಿಗೆ ಯಾವ ಹಾಡು, ಎಲ್ಲಾ ಕೂತು ತೀರ್ಮಾನ ಮಾಡಾವ.

ಕಾಕಾ: ನಮ್ಮಲ್ಲಿ ಆ ಕೆಲಸ ಮಂದಿ ಮಾಡ್ತಾರ, ಪುಗಸಟ್ಟೆ.

(ಬಸವನಬಾಗೇವಾಡಿ. ಊರೊಳಗೆ ಹೋಗಿ ಬಸವೇಶ್ವರ ಗುಡಿಗೆ ಕೈಮುಗಿದು ಬಂದರು. 2012ರ ‘ಟೋಪಿವಾಲೆ’ ಅಷ್ಟರಲ್ಲಿ ಅರ್ಧ ಆಗಿತ್ತು. ಉಳಿದರ್ಧವನ್ನು ಗುಡಿಯ ಹೊರಗೆ ನಿಂತ ಗಾಡಿಯಲ್ಲೇ ಕೇಳಿದರು.)

ಕಾಕಾ: ಇದು ಮ್ಯಾಳ! ಇದ ನೋಡು ಮ್ಯಾಳ ಅಂದ್ರ.

ಮಗಳು: ಏನು ಬದಲಾತು?

ಕಾಕಾ: ಮೊದಲನೇದರಾಗ ಹಾಡಾವ ಮುಂದ, ಬಾಕಿಯವ್ರು ಹಿಂದ. ಇದರಾಗ ಹಿಂದಿನವ್ರು ಬಾಯಿ ಬಿಟ್ಟಾರ. ಮುಂದಿನವ ಒಂದು ಮಾತು ಒಗದ್ರ ಹಿಂದಿನವ್ರು ಹಿಡಿದು ತಿರುಗಿ ಒಗೀತಾರ. ಟೋಪಿ ಹಾಕೋ ಮಂದಿ ಮ್ಯಾಲ ಹಾಡು ಅಂದಿಯಲ್ಲ, ಪುಢಾರಿಗೋಳ ಮ್ಯಾಲ. ಅಂಥ ಹಾಡು ಒಬ್ಬನ ಹಾಡಿದ್ರ ಬೈದಂಗ ಆಗತೈತಿ. ಹಿಮ್ಮ್ಯಾಳ ಕೂಡಿದ್ರ ಊರ ಮಂದಿ ನಕ್ಕಂಗ ಆಗತೈತಿ. ಸ್ವಾತಂತ್ರ್ಯದ ಕಾಲಕ್ಕ ಗೀಗೀ ಮ್ಯಾಳದವ್ರು ಇದನ್ನ ಮಾಡಿದ್ರು. ಬ್ರಿಟಿಷರ ಮ್ಯಾಲ ಪದಾ ಕಟ್ಟಿ ಹಳ್ಳಿ ಹಳ್ಳಿ ತಿರುಗಿದ್ರು. ಪೊಲೀಸರು ಬಂದ್ರ ಯಾರನ್ನ ಹಿಡೀತಾರ? ಪಲ್ಲ ಎಲ್ಲಾರ ಬಾಯಾಗ ಐತಿ.

ಮಗಳು: ‘ಆಜ್ ಕಿ ತಾಜಾ ಫಿಕರ್’?

ಕಾಕಾ: ಇಪ್ಪತ್ನಾಲ್ಕು ತಾಸು ಸುದ್ದಿ ಹೇಳೋ ಟೀವಿ ಮ್ಯಾಲ ಅಲ್ಲ ಅದು? ನಗು ಬಂತು. ಆದ್ರ ನನಗ ಹಿಡಿದದ್ದು ಇನ್ನೊಂದು, ಹೆಸರು ಏನೋ ಘುಮ್.

ಮಗಳು: ಸಣ್ಣ ಮಕ್ಕಳ ಮ್ಯಾಲ ಮನಿಯಾವ್ರ, ಗುರ್ತಿನವ್ರ ಕೈ ಹಾಕೋ ಸುದ್ದಿ ಅದು.

ಕಾಕಾ: ಅದನ್ನ ನೀ ಮೊದಲ ಹೇಳಿರಲಿಲ್ಲ. ಹಿಂದಿ ನನಗ ಅರ್ಧಾಮರ್ಧ. ಆದ್ರೂ ಹಾಡು ಎಲ್ಲೋ ಅಂಜಿಕಿ ಹುಟ್ಟಸ್ತು, ಲಾಲಿ ಹಾಡಿನಂಗ ಇದ್ದೂ ಲಾಲಿ ಅಲ್ಲ ಅನ್ನಿಸ್ತು. ಇಂಥ ವಿಷಯ ನಮ್ಮ ಮ್ಯಾಳದಾಗ ಯಾರೂ ಕಟ್ಟಿಲ್ಲ. ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಅಂತ ಬೆಳತನಕ ಬಡದಾಡ್ತೀವಿ, ಇದನ್ನ ಮುಟ್ಟೂದಿಲ್ಲ. ಇಲ್ಲಿ ಅವ್ರು ಮುಂದ ಹೋಗ್ಯಾರ, ನಾ ಸುಳ್ಳ ಹೇಳೂದಿಲ್ಲ.

ಮಗಳು: ಇದರ ಪ್ರೊಡ್ಯೂಸರ್ ಲಾಯ್ ಮೆಂಡೋನ್ಸಾ. ಶಂಕರ್-ಎಹಸಾನ್-ಲಾಯ್ ಒಳಗಿನವರು. ‘ದೂರ್ ಕಿನಾರಾ’ದಾಗ ಬಂದ ಹೆಣ್ಣು ದನಿ ಶುಭಾ ಮುದ್ಗಲ್.

ಕಾಕಾ: ಆಕಿ ದನಿ ಬಂದ ಕೂಡ್ಲೆ ಈ ಹುಡುಗೂರು ಸುಮ್ಮನಾಗ್ಯಾರ. ದೊಡ್ಡವರು ಬಂದಾಗ ಸರದು ಕುಂದ್ರೂದು. ಆದ್ರ ಎರಡು ನುಡಿ ಜಾಸ್ತಿ ಸರದ್ರು ಅನ್ನಿಸ್ತು. ಅಲ್ಲಿ ಎದುರುತ್ತರ ಕೊಟ್ಟಿದ್ರ ರಂಗೇರ್ತಿತ್ತು.

ಮಗಳು: ಕಾಕಾ, ನೀ ಎಲ್ಲಾನೂ ಹಿಮ್ಮ್ಯಾಳದ ಮ್ಯಾಲ ಅಳೀತಿ. ನೀ ಹಿಮ್ಮ್ಯಾಳದವ ಅಂತ ಅಲ್ಲ?

ಕಾಕಾ: ಇರಬಹುದು. ಆದ್ರ ಇದನ್ನ ಕೇಳು. ಹಲಸಂಗಿ ಇಲ್ಲೇ ನಮ್ಮ ಇಂಡಿ ತಾಲೂಕಿನಾಗ ಇತ್ತು, ಈಗ ಚಡಚಣಕ್ಕ ಹೋಗೈತಿ. ಖಾ­ಜಾಭಾಯಿಯ ಲಾವಣಿ ಊರು ಅದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾ, ಕಾಪಸೆ ರೇವಪ್ಪ, ಈ ಗೆಳೆಯರು ತಿರುಗಾಡಿ ಪದಾ ಬರಕೊಂಡು 1931ರಾಗ ‘ಗರತಿಯ ಹಾಡು’ ತಂದ್ರು, ಮುಂದ ಲಾವಣಿಗೂ ಪುಸ್ತಕ ಮಾಡಿದ್ರು. ದೊಡ್ಡ ಉಪಕಾರ. ಅವರು ಬರೀದಿದ್ರ ಅರ್ಧ ಮಣ್ಣಾಗತಿತ್ತು. ಆದ್ರ ಪುಸ್ತಕ ತೆಗೆದು ನೋಡು, ಪದಾ ಐತಿ. ಹಿಮ್ಮ್ಯಾಳದವ ಎಲ್ಲಿ ಎತ್ತಿಕೊಂಡ, ಎಲ್ಲಿ ಏರಿಸಿದ, ಎಲ್ಲಿ ಇಳಿಸಿದ, ಅದು ಅಕ್ಷರದಾಗ ಬರೂದಿಲ್ಲ. ಪುಸ್ತಕ ಓದಿದವ ಹಾಡು ಅಂದ್ರ ಇಷ್ಟ ಅಂತ ತಿಳೀತಾನ.

ಮಗಳು: ರೆಕಾರ್ಡಿನಾಗ ಬರಬಹುದಿತ್ತು.

ಕಾಕಾ: ಬರಬಹುದಿತ್ತು. ನಮ್ಮ ಬೀಳಗಿ ಅಮೀರಬಾಯಿ ಹಾಡೋ ಕಾಲದ ಪ್ಲೇಟು ನೋಡೀಯೇನು? ಒಂದು ಮಗ್ಗಲಿಗೆ ಮೂರು ಮಿನಿಟಿನ ಆಸುಪಾಸು. ಅಷ್ಟರಾಗ ಹಿಮ್ಮ್ಯಾಳಕ್ಕ ಎಲ್ಲಿ ಜಾಗಾ? ಹಾಡಾವ್ರ ದನಿ ಹಿಡಿದು, ಬಾಕೀದೆಲ್ಲಾ ಕತ್ತರಿ. ಆಕಿ ಮುಂಬಯಿಗೆ ಹೋಗಿ 1943ರಾಗ ‘ಕಿಸ್ಮತ್’ ಸಿನಿಮಾಕ್ಕ ಹಾಡಿ ದೇಶಕ್ಕೆಲ್ಲಾ ಹೆಸರಾದ್ಲು. ಅದ ಮೂರು ಮಿನಿಟಿನ ಅಳತಿ ಇನ್ನೂ ನಿಂತೈತಿ ನೋಡು, ಪ್ಲೇಟು ಹೋದ್ರೂ. ನಿನ್ನ ಬ್ಯಾಂಡಿನವ್ರು ನಾಕು-ಐದು ಮಿನಿಟಿಗೆ ಹಿಗ್ಗಸ್ಯಾರ, ಅಷ್ಟ. ಬೆಳತನಕ ಹಾಡಿದ ಮಂದಿಗೆ ಅದೇನು ದಕ್ಕತೈತಿ?

ಮಗಳು: ಬೆಳತನಕ ಹಾಡಿದ್ರಾಗ ಎಷ್ಟು ಹೊಟ್ಟು, ಎಷ್ಟು ಕಾಳು, ಅದನ್ನೂ ಹೇಳು. ನಾ ಸಣ್ಣಾಕಿದ್ದಾಗ ನಿಮ್ಮ ಹಾಡಕಿಗೆ ಬಂದೀನಿ. ನಡುರಾತ್ರಿ ಒಂದ ಪದಾನ ಎಳದು ಎಳದು, ಆಯೇರಿ ಮಾಡಿದವ್ರ ಹೆಸರು ಓದಿ ಓದಿ, ಅರ್ಧ ಮಂದಿ ಕಂಬಳಿ ಹೊಚ್ಚಿಕೊಂಡು ಮಲಗಿದ್ರು. ಆಲ್ಬಮ್ಮಿಗೆ ಆ ಸವುಡು ಇಲ್ಲ. ಇರೋ ನಲವತ್ತು ಮಿನಿಟಿನಾಗ ಏನಿಡಬೇಕು, ಏನು ಬಿಡಬೇಕು ಅಂತ ತಿಂಗಳಗಟ್ಟಲೆ ಜಗಳಾಡತಾರ. ಆ ಬಿಗಿಯಿಂದ ಬಂದದ್ದು ಘುಮ್. ಬೆಳತನಕ ಹಾಡೋ ಮಂದಿ ಅದನ್ನ ಕಟ್ಟಲಿಲ್ಲ ಅಂತ ನೀನ ಅಂದಿ.

ಕಾಕಾ: ಕುಂದ್ರಿಸಿಬಿಟ್ಟಿಯಲ್ಲವಾ ನನ್ನ. ನಡಿ, ಅಣ್ಣನ ಎರಡನೇದು ಹಚ್ಚು. ತಮ್ಮನ ಸವಾಲಿಗೆ ಏನ ಜವಾಬು ಕೊಟ್ಟಾನ ನೋಡೂಣು.

(ಬಾಗೇವಾಡಿ ಬಿಟ್ಟ ಮೇಲೆ ಎರಡೂ ಬದಿಗೆ ತೊಗರಿ, ಹತ್ತಿ. 2013ರ ‘ಜಗ್ ಚಂಗಾ’ ಪೂರ್ತಿ ಕೇಳಿದರು. ಕಾಕಾ ನಡುವೆ ಎರಡು ಸಲ ತೊಡೆ ತಟ್ಟಿದ.)

ಮಗಳು: ಎಲ್ಲೆಲ್ಲಿ ತಟ್ಟಿದಿ ಅಂತ ನೋಡೀನಿ. ‘ಲೋಕದ ಕಾಳಜಿ’ಗೆ ಒಮ್ಮೆ, ‘ಕೋಡಗನ ಕೋಳಿ ನುಂಗಿತ್ತ’ಕ್ಕ ಒಮ್ಮೆ.

ಕಾಕಾ: ಶರೀಫಜ್ಜ ಬಂದ್ರ ಕೈ ತಾನ ಏಳತೈತಿ. ಆಲ್ಬಮ್ ಮೊದಲನೇದಕ್ಕಿಂತ ಸ್ವಚ್ಛ ಐತಿ. ಒಂದ ಮನಸ್ಸು ಐತಿ, ಚೀಲ ಅಲ್ಲ. ಉಲ್ಲಾಸ ಐತಿ. ಹೊರದೇಶ ತಿರುಗಿದ ಮಂದಿ ದನಿ ಬಂದೈತಿ.

ಮಗಳು: ತಿರುಗ್ಯಾರ. 2010ರಾಗ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಾಗ ಹಾಡಿದ ಮ್ಯಾಲ ಅಲ್ಲಿ ಹೆಸರಾತು. ಮರುವರ್ಷ ಗ್ಲಾಸ್ಟನ್‌ಬರಿ. ಲಕ್ಷಗಟ್ಟಲೆ ಮಂದಿ ಸೇರೋ ಸಂಗೀತದ ಜಾತ್ರಿ ಅದು.

ಕಾಕಾ: ಜಾತ್ರ್ಯಾಗ ಹಾಡಿದವ್ರ ಖೋಡಿ ಏನಂದ್ರ, ಯಾವ ಮಾತಿಗೆ ಮಂದಿ ಚಪ್ಪಾಳಿ ಹೊಡೀತಾರ ಅಂತ ತಿಳಿದುಬಿಡ್ತೈತಿ. ಆಮ್ಯಾಲ ಅದನ್ನ ಬಿಟ್ಟು ಬ್ಯಾರೆ ಮಾಡಾಕ ಮನಸ್ಸು ಬರೂದಿಲ್ಲ. ಇಲ್ಲಿ ಎಲ್ಲಾ ಪದಾ ಕುಣಿಯಾಕ ಹತ್ಯಾವ.

ಮಗಳು: ಇಲ್ಲಿ ನಿನ್ನ ಕೂಡ ನಂದೂ ತಕರಾರು ಐತಿ. ನಮ್ಮ ಗೆಳತ್ಯಾರ ಕೂಟದಾಗ ರೇಡಿಯೋಹೆಡ್ ಹಿಡಿದಿದ್ವಿ. 1995ರಾಗ ‘ದಿ ಬೆಂಡ್ಸ್’, ಗಿಟಾರಿನ ಆಲ್ಬಮ್. 1997ರಾಗ ‘ಓಕೆ ಕಂಪ್ಯೂಟರ್’, ಜಗತ್ತಿಗೆಲ್ಲಾ ಹೆಸರು. ಅಷ್ಟು ಹೆಸರು ಬಂದ ಮ್ಯಾಲ ಯಾರಾದ್ರೂ ಅದನ್ನ ಇನ್ನೊಮ್ಮೆ ಮಾಡತಾರ. ಅವರು 2000ದಾಗ ‘ಕಿಡ್ ಎ’ ತಂದ್ರು. ಗಿಟಾರ್ ಮೂಲಿಗೆ ಇಟ್ರು, ಯಂತ್ರದ ಸಪ್ಪಳ, ಮುರದು ಮುರದು ಬರೋ ದನಿ. ಮಂದಿ ಬೈದ್ರು, ಆಮ್ಯಾಲ ತಲಿ ಮ್ಯಾಲ ಹೊತ್ರು. ಐದ ವರ್ಷದಾಗ ಗುರ್ತ ಸಿಗದಂಗ ಬದಲಾದ ಬ್ಯಾಂಡು. ಪ್ರಯೋಗ ಅಂದ್ರ ನನಗ ಅದು. ರಘು ಅವರು 2008ರಿಂದ 2013ಕ್ಕ ಐದು ವರ್ಷ ತಗೊಂಡು ಅಷ್ಟು ದೂರ ಬಂದಿಲ್ಲ. ಶರೀಫರ ಪದಕ್ಕ ಗಿಟಾರ್ ಹಚ್ಚೂದು ಮೊದಲ ಸಲಕ್ಕ ಪ್ರಯೋಗ. ಮೂರನೇ, ನಾಕನೇ ಪದಕ್ಕ ಅದು ರೂಢಿ.

ಕಾಕಾ: ಆ ‘ಕಿಡ್ ಎ’ ನನಗ ಕೇಳಸಬ್ಯಾಡ.

ಮಗಳು: ಕೇಳಸೂದಿಲ್ಲ. ಮದುವಿಗೆ ಹೊಂಟೀವಿ.

ಕಾಕಾ: ಆದ್ರ ಒಂದು ಮಾತು ಅವನ ಪರ ಹೇಳಬೇಕು. ಧಾಟಿ ಬದಲಿಸೂದ ಹೆಚ್ಚು ಅಂತ ನಿಮ್ಮ ಮಂದಿ ಅಂತೀರಿ. ‘ಕೋಡಗನ ಕೋಳಿ’ಯಂಥ ಪದಾ ಹಾಡೂದು ಅಷ್ಟ ಸಲೀಸಲ್ಲ. ಅದು ಒಡಪು. ಒಂದನ್ನೊಂದು ನುಂಗೋ ಸಾಲು ಅದು, ಬರೇ ಮಕ್ಕಳ ಆಟದಂಗ ಹಾಡಿಬಿಟ್ರ ಕೆಟ್ಟಿತು, ಬರೇ ಸ್ವಾಮಿಗಳ ಗಂಟಲಿನಾಗ ಹಾಡಿದ್ರೂ ಕೆಟ್ಟಿತು. ಇಂವ ನಕ್ಕೋತ ಹಾಡಿ ಕಡೀಕ ಒಂದು ಭಾರ ಇಟ್ಟಾನ. ಅದು ಅನುಭವ. 2008ರ ಹುಡುಗಗ ಅದು ಬರತಿರಲಿಲ್ಲ. ಪ್ರಯೋಗ ಅಲ್ಲಂತಿ, ಇರ್ಲಿ, ಪಕ್ವ ಆಗ್ಯಾನ.

ಮಗಳು: ಹಂಗಾದ್ರ ಈ ಸುತ್ತು ಯಾರದು?

ಕಾಕಾ: ಎರಡನೇ ಸುತ್ತು ತಮ್ಮನದ. ಒಂದನೇದು ಅಣ್ಣಂದು. ಮೂರನೇದು ಹೇಳು.

ಮಗಳು: ತಮ್ಮನ ಮೂರನೇದು 2018ರಾಗ, ‘ರಾಹ್-ಎ-ಫಕೀರಾ’. ಆರು ವರ್ಷ ಆದ ಮ್ಯಾಲ. ಅಣ್ಣಂದು ಅದಕ್ಕೂ ತಡ, ಹತ್ತು ವರ್ಷ ದಾಟಿ, ಹೆಸರು ‘ಶಕ್ಕರ್’. ಫಕೀರನ್ನ ನಿನ್ನೆ ರಾತ್ರಿ ಮನಿಯಾಗ ಹಚ್ಚಿದ್ನಲ್ಲ, ನೀ ಜ್ವಾಳಾ ಹಸನ ಮಾಡಾಕ ಕುಂತಾಗ.

ಕಾಕಾ: ಕೇಳಿದೆ. ಕೈ ಕುಂತ ಮ್ಯಾಳ ಅದು, ತಪ್ಪು ಹುಡುಕಿದ್ರೂ ಸಿಗೂದಿಲ್ಲ. ಆದ್ರ ಟೋಪಿವಾಲೆಯ ಕಿಚ್ಚು ಇಲ್ಲ. ದಾರಿ ಹಿಡಿದು ಹೊಂಟವ್ರ ಹಾಡು, ಎಲ್ಲಿಗೆ ಮುಟ್ಟಿದ್ರು ಅಂತ ತಿಳೀಲಿಲ್ಲ. ನನ್ನ ಸವಾಲು ತಮ್ಮಗ ಒಂದ. ಇಷ್ಟು ಛಲೋ ಹಿಮ್ಮ್ಯಾಳ ಇಟ್ಕೊಂಡು ಮೂರೂ ಆಲ್ಬಮ್ಮಿನಾಗ ಹಿಂದೀನ ಯಾಕ ಹೆಚ್ಚು? ‘ಈ ಭೂಮಿ’ ಅಂತ ಮೊದಲನೇದರಾಗ ಒಂದು ಕನ್ನಡ ಕೇಳಿ ಹಿಗ್ಗಿದ್ದೆ.

ಮಗಳು: ಅದಕ್ಕ ಜವಾಬು ಅವರ ಕೊಟ್ಟಾರ. ವಾಸು ದೀಕ್ಷಿತ್ ಕಲೆಕ್ಟಿವ್ ಅಂತ ಬ್ಯಾರೆ ತಂಡ ಕಟ್ಟಿ ದಾಸರ ಪದಾ, ಕಬೀರ, ಕನ್ನಡದ ಜನಪದ ಹಾಡ್ತಾರ ಈಗ.

ಕಾಕಾ: ಹಂಗಾದ್ರ ಕನ್ನಡಕ್ಕ ಬಂದಾಗ ಹಳೇ ಹಿಮ್ಮ್ಯಾಳ ಬಿಟ್ಟು ಬಂದ ಅನ್ನು. ಅಣ್ಣನ ಕಡೆ ಕನ್ನಡ ಇತ್ತು, ಕಾಯಂ ಹಿಮ್ಮ್ಯಾಳ ಇರಲಿಲ್ಲ. ತಮ್ಮನ ಕಡೆ ಹಿಮ್ಮ್ಯಾಳ ಇತ್ತು, ಕನ್ನಡ ಕಮ್ಮಿ. ಇಬ್ಬರನ್ನೂ ಒಂದ ಕಟ್ಟಿ ಮ್ಯಾಲ ಕುಂದ್ರಸಿ ಬೆಳತನಕ ಬಿಟ್ರ...

ಮಗಳು: ಬೆಳತನಕ ಬ್ಯಾಡ. ನಲವತ್ತು ಮಿನಿಟು.

ಕಾಕಾ: ಆತು, ನಲವತ್ತು. ‘ಶಕ್ಕರ್’ ಹಚ್ಚು. ಹಚ್ಚೋಕ ಮೊದಲ ಯಾರ್ಯಾರು ಬಾರಸ್ಯಾರ ಅಂತ ಓದು.

ಮಗಳು: ಫೋನಿನಾಗ ಹೊರಗ ಕಾಣೂದಿಲ್ಲ ಕಾಕಾ. ಹಾಡಿನ ಹೆಸರು, ಹಾಡಿದವರ ಹೆಸರು, ಒಂದು ಚಿತ್ರ, ಅಷ್ಟ.

ಕಾಕಾ: ಅಂದ್ರ? ಕ್ಯಾಸೆಟ್ಟಿನ ಒಳಗ ಒಂದು ಮಡಚಿದ ಕಾಗದ ಇರ್ತಿತ್ತಲ್ಲ. ತಬಲಾ ಯಾರು, ಕೊಳಲು ಯಾರು, ಸಹಗಾಯನ ಯಾರು, ಸಣ್ಣ ಅಕ್ಷರದಾಗ ಬರ್ದಿರ್ತಿದ್ರು. ನಾ ಅದನ್ನ ಮೊದಲ ಓದತಿದ್ದೆ.

ಮಗಳು: ಸಿಡಿಯಾಗೂ ಇರ್ತಿತ್ತು, ಪುಸ್ತಕದಂಗ. ಈಗ ಮೂರು ಚುಕ್ಕಿ ಒತ್ತಿ ಒಳಗ ಹೋಗಿ ಹುಡುಕಬೇಕು. ಎಷ್ಟೋ ಹಾಡಿಗೆ ಅಲ್ಲೂ ಹಾಕಿರೂದಿಲ್ಲ. ಗಾಡಿ ಹೊಡ್ಕೋತ ಹೆಂಗ ಹುಡುಕ್ಲಿ?

ಕಾಕಾ: ಬಾಜೂಕ ಹಚ್ಚು. ಅಕ್ಕಿಕಾಳು ಬೀಳೂದಕ್ಕ ಇನ್ನ ಹೊತ್ತೈತಿ. ಹುಡುಕು.